ಕೈ ಬಿಟ್ಟರೂ ನೆಟ್ಟಗೆ ಹೋಗುವ ಗಾಡಿ

‘ಗಾಡಿಯಲ್ಲಿ ದೋಷವಿಲ್ಲ.’

ಎರಡೇ ಪದ. ಬರೆದು, ಅಂಗಡಿಯ ಮೊಹರು ಒತ್ತಿ, ಸಹಿ ಹಾಕಿದವನು ನಾನು. ಬಂಗಾರಪೇಟೆಯ ದನದ ಡಾಕ್ಟರು ಆ ಕಾಗದವನ್ನು ಫೈಲಿಗೆ ಪೋಣಿಸಿಟ್ಟರು. ಎರಡು ವಾರವೂ ಕಳೆದಿರಲಿಲ್ಲ, ಅದೇ ಗಾಡಿ ಅದೇ ಮನುಷ್ಯನನ್ನು ಮತ್ತೊಮ್ಮೆ ನೆಲಕ್ಕೆ ಕೆಡವಿತು. ಗಾಡಿಯಲ್ಲಿ ದೋಷವಿಲ್ಲವೆಂದ ಮೇಲೆ ದೋಷ ಯಾರಲ್ಲಿದೆ? ಡಾಕ್ಟರು ಉತ್ತರಕ್ಕಾಗಿ ಬಹಳ ದೂರ ಹುಡುಕಲಿಲ್ಲ.

ಬಿದ್ದವನು ಅವರ ಕಾಂಪೌಂಡರ್. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ದನಗಳ ದೊಡ್ಡರೋಗ ಒಂದು ಊರಿಗೆ ಕಾಲಿಟ್ಟರೆ ವಾರದೊಳಗೆ ಕೊಟ್ಟಿಗೆಗಳು ಖಾಲಿಯಾಗುತ್ತಿದ್ದವು. ಅದನ್ನು ತಡೆಯುವ ಲಸಿಕೆ ಹಳ್ಳಿಗಳಿಗೆ ಬರತೊಡಗಿತ್ತು, ಆದರೆ ಬಿಸಿ ತಗುಲಿದರೆ ಅದು ಕೆಟ್ಟಂತೆಯೇ. ಬೆಳಗಿನ ರೈಲಿನಲ್ಲಿ ಮರದ ಹೊಟ್ಟು ಮುಚ್ಚಿಕೊಂಡು ಬರುತ್ತಿದ್ದ ಐಸನ್ನು ಕಾಂಪೌಂಡರ್ ಒಂದು ಪೆಟ್ಟಿಗೆಗೆ ತುಂಬುತ್ತಿದ್ದ. ಹೊರಗೆ ಮರ, ಒಳಗೆ ತಗಡು. ನಡುವೆ ಮುಚ್ಚಳ ಬಿಗಿದ ಡಬ್ಬಿಯಲ್ಲಿ ಲಸಿಕೆಯ ಸೀಸೆಗಳು. ಮೋಟಾರ್ ಸೈಕಲ್ಲಿನ ಹಿಂದಿನ ಸೀಟನ್ನು ಕಿತ್ತು, ಆ ಜಾಗದಲ್ಲಿ ಪೆಟ್ಟಿಗೆಯನ್ನು ಬಿಗಿದು ಕಾಮಸಮುದ್ರದ ಕಡೆ ಟೂರ್ ಹೊರಡುತ್ತಿದ್ದ. ಗಾಡಿ ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿಯದು. ದೂರದ ದಾರಿಗೆ, ಭಾರಕ್ಕೆ, ಕೆಟ್ಟ ರಸ್ತೆಗೆ ಮಾಡಿದ್ದು. ಅದು ಬೀಳಿಸುವ ಜಾತಿಯ ಗಾಡಿಯಲ್ಲ. ನನಗೆ ಸಿಟ್ಟು ಬಂದದ್ದೇ ಅದಕ್ಕೆ.

ಮೊದಲ ಸಲ ಬಿದ್ದಾಗ ಕಾಂಪೌಂಡರ್ ಗಾಡಿಯನ್ನು ಆಂಡರ್ಸನ್‌ಪೇಟೆಯ ನನ್ನ ಅಂಗಡಿಗೆ ತಳ್ಳಿಕೊಂಡು ಬಂದಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು, ಕಾಮಸಮುದ್ರದ ಹತ್ತಿರದ ರೈತರ ಮನೆಯವನು.

“ಅಲ್ಲಾಡ್ತದೆ ಮೇಸ್ತ್ರಿ. ಎಮ್ಮೆ ನೊಣ ಓಡ್ಸಕ್ಕೆ ಬಾಲ ಬೀಸ್ತದಲ್ಲ, ಅಂಗೆ ಹಿಂದೆ ಬೀಸ್ತದೆ. ಆಮೇಲೆ ಹ್ಯಾಂಡ್ಲೂ ಸೇರ್ಕೊಂತದೆ.”

“ಎಲ್ಲಿ ಅಲ್ಲಾಡ್ತಣ್ಣಾ?”

“ಕಾಮಸಮುದ್ರದ ದಾರೀಲಿ. ಕೆರೆ ಕಟ್ಟೆ ದಾಟಿದ್ ಮೇಲೆ.”

ಆ ಜಾಗಕ್ಕೆ ಹೋಗಿ ನೋಡಿದೆ. ರಸ್ತೆ ಬೇರೆ ಕಡೆಗಿಂತ ಕೆಟ್ಟಿರಲಿಲ್ಲ. ವಾಪಸ್ಸು ಬಂದು ಗಾಡಿ ಬಿಚ್ಚಿದೆ.

ಅಂದು ಮಾಡಿದ್ದೆಲ್ಲ ನನ್ನ ನೋಟ್‌ಬುಕ್ಕಿನಲ್ಲಿದೆ. ನೆನಪನ್ನು ನಾನು ನಂಬುವುದಿಲ್ಲ; ಅದು ಕೆಲಸ ಮುಗಿದ ಮೇಲೆ ಬಂದು ಎಲ್ಲವನ್ನೂ ಒರೆಸಿ, ಸಾಲಾಗಿ ಜೋಡಿಸಿಟ್ಟು ಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ಗ್ರೀಸಿನ ಕಲೆಗಳಾದರೂ ಇವೆ. ಅದರ ಪ್ರಕಾರ: ಚಕ್ರ ತಿರುಗಿಸಿ ಸೀಮೆಸುಣ್ಣ ಹಿಡಿದು ರಿಮ್ಮಿನ ಡೊಂಕು ನೋಡಿದೆ, ಹಿಂದಿನ ಚಕ್ರದ ಎರಡು ಕಡ್ಡಿ ಬಿಗಿ ಮಾಡಿದೆ. ಹಿಂದಿನ ಟೈರಿನಿಂದ ಮುಂದಿನ ಟೈರಿಗೆ ದಾರ ಹಿಡಿದೆ, ಎರಡೂ ಒಂದೇ ಗೆರೆಯಲ್ಲಿದ್ದವು. ಗಾಳಿ ಸರಿ ಮಾಡಿದೆ. ಮುಂಚಕ್ರ ನೆಲ ಬಿಡುವಂತೆ ಇಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಫೋರ್ಕನ್ನು ಹಿಡಿದು ಹಿಂದೆ ಮುಂದೆ ಎಳೆದೆ. ಸಣ್ಣಗೆ ‘ಟಿಕ್’ ಅಂದಿತು. ಹ್ಯಾಂಡಲ್ ತಿರುಗುವ ಕತ್ತಿನೊಳಗೆ ಬೇರಿಂಗ್ ಗುಂಡುಗಳಿರುತ್ತವೆ, ಅಲ್ಲಿ ಕೂದಲೆಳೆಯಷ್ಟು ಆಟವಿತ್ತು.

ಸಿಕ್ಕಿದ ಕಳ್ಳ, ಅಂದುಕೊಂಡೆ.

ನಾನು ಕೆಲಸ ಕಲಿತದ್ದು ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ. ಉರಿಗಾಂ ಕಡೆಯ ಹುಡುಗರೆಲ್ಲ ಕಲಿತದ್ದು ಹಾಗೆಯೇ. ಜನರನ್ನು ಸಾವಿರಾರು ಅಡಿ ಕೆಳಕ್ಕಿಳಿಸಿ ಮೇಲಕ್ಕೆತ್ತುವ ಯಂತ್ರಗಳ ಬೇರಿಂಗುಗಳನ್ನು ಕೂರಿಸುವ ಜಾಗ ಅದು. ಅಲ್ಲಿನ ನಮ್ಮ ಹಿರಿಯ ಮೇಸ್ತ್ರಿ ತಮಿಳಿನವರು. ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು, “ಆಡಕ್ಕೂಡಾದು!” ಅಲ್ಲಾಡಕೂಡದು. ಬೆರಳಿಗೆ ಆಟ ಸಿಕ್ಕಿದರೆ ಸ್ಪ್ಯಾನರಿನಿಂದ ಮೊಣಕೈಗೆ ಬಡಿಯುತ್ತಿದ್ದರು. ಆಟವಿದ್ದರೆ ಸಾವು; ನಮ್ಮ ಕೈಗಳಿಗೆ ಇದು ಮಗ್ಗಿಗಿಂತ ಮುಂಚೆ ಬಂದ ಪಾಠ. ಹಾಗಾಗಿ ಆ ಗಾಡಿಯ ಕತ್ತಿನ ನಟ್ಟನ್ನು ‘ಟಿಕ್’ ನಿಲ್ಲುವ ತನಕ ಬಿಗಿದೆ. ನಿಂತ ಮೇಲೆ, ಮೇಸ್ತ್ರಿಯ ಮರ್ಯಾದೆಗೆ, ಇನ್ನೂ ಕಾಲು ಸುತ್ತು.

ಪೆಟ್ಟಿಗೆಯನ್ನು ಐಸಿನ ಸಮೇತ ಸೌದೆ ಡಿಪೋದ ತಕ್ಕಡಿಯಲ್ಲಿ ತೂಗಿಸಿದ್ದೆ. ಪರೀಕ್ಷೆಗೆ ಅಷ್ಟೇ ತೂಕದ ರೈಲು ಕಂಬಿಯ ತುಂಡುಗಳನ್ನು ತುಂಬಿದೆ. ಬಂಗಾರಪೇಟೆ ರಸ್ತೆಯಲ್ಲಿ ನಲವತ್ತು ಮೈಲಿ ವೇಗ ಮುಟ್ಟಿಸಿದೆ. ಕಲ್ಲಿನಲ್ಲಿ ಕಡೆದಂತೆ ಹೋಯಿತು. ಬಂದು ಆ ಎರಡು ಪದ ಬರೆದೆ.

ಎರಡನೇ ಸಲ ಬಿದ್ದ ಮೇಲೆ ಕಾಂಪೌಂಡರ್ ಬಂದದ್ದು ಬಾಡಿಗೆ ಸೈಕಲ್ಲಿನಲ್ಲಿ. ಮಂಡಿಗೆ ಬಟ್ಟೆ ಸುತ್ತಿತ್ತು. ಅಂಗಡಿಯ ಮುಂದೆ ನಿಂತು, ಒಳಗಿದ್ದ ಇಬ್ಬರು ಗಿರಾಕಿಗಳಿಗೂ ಕೇಳುವ ಹಾಗೆ ಶುರು ಮಾಡಿದ.

“ಏನ್ಲಾ ಮೇಸ್ತ್ರಿ, ನಿನ್ ಕಾಗ್ದ ನಮ್ ಡಾಕ್ಟ್ರು ಓದಿದ್ರಪ್ಪಾ. ನನ್ನೇ ಮುಂದೆ ನಿಲ್ಲಿಸ್ಕೊಂಡು, ಲಗ್ನಪತ್ರಿಕೆ ಓದ್ದಂಗೆ ಓದಿದ್ರು.”

“ಅಣ್ಣಾ, ಗಾಡಿ ನಾನೇ ಓಡ್ಸಿ ನೋಡಿದೀನಿ. ಅಲ್ಲಾಡ್ಲಿಲ್ಲ.”

“ಅಲ್ಲಾಡ್ಲಿಲ್ಲ ಅಂದ್ರೆ ನಾನು ಕುಡ್ದಿದ್ದೆ ಅಂತ ತಾನೆ? ಆಸ್ಪತ್ರೆ ಜವಾನ್ನಿಂದ ಇಡ್ದು ಎಲ್ರೂ ಅದೇ ಅಂತಾವ್ರೆ. ನಾನು ಕಾಫೀನೂ ಕುಡಿಯಾಕಿಲ್ಲ ಕಣ್ಲಾ, ಒಟ್ಟೆ ಉರೀತದೆ.”

“ಡಾಕ್ಟ್ರು ಏನಂದ್ರು?”

“ಈ ತಿಂಗ್ಳು ಮುಗಿಯೋಗಂಟ ಗಾಡಿ ಮುಟ್ಬೇಡ ಅಂದವ್ರೆ. ಆಮೇಲೆ ಮೇಲಕ್ಕೆ ಬರೀತಾರಂತೆ, ಇವ್ನು ಟೂರಿಗೆ ಲಾಯಕ್ಕಿಲ್ಲ, ಬೇರೆಯೋನ್ನ ಕೊಡಿ ಅಂತ. ನಾನು ಮತ್ತೆ ಆಸ್ಪತ್ರೆ ಅಂಗ್ಳದಾಗೆ ದನದ ಕಾಲು ಇಡ್ಕೊಂಡು ನಿಲ್ಬೇಕು. ಎಂಟು ವರ್ಷ ಕಾಲು ಇಡ್ದು ಸೂಜಿ ಕೈಗೆ ಬಂದದ್ದು.” ಅವನು ಬಲಗೈ ಎತ್ತಿ ತೋರಿಸಿದ. “ನಿನ್ ಎರಡು ಪದ ಇದ್ನ ಕಿತ್ಕೊಂತು.”

ಗಿರಾಕಿಗಳು ಟೈರು ನೋಡುತ್ತಾ ನಿಂತರು. ನಾನು ತಿಂಗಳು ಮುಗಿಯಲು ಎಷ್ಟು ದಿನವಿದೆ ಎಂದು ಕೇಳಿದೆ. ಹನ್ನೊಂದು, ಅಂದ.

ಮಾರನೆಯ ದಿನ ಡಾಕ್ಟರನ್ನು ಕಂಡು ಗಾಡಿಯನ್ನು ಮತ್ತೆ ಅಂಗಡಿಗೆ ತಂದೆ. ಮೊದಲ ಸಲ ಎಲ್ಲವನ್ನೂ ನಿಲ್ಲಿಸಿಕೊಂಡು ನೋಡಿದ್ದೆ, ಹಿಡಿದುಕೊಂಡು ಓಡಿಸಿದ್ದೆ. ಈ ಸಲ ಬಿಟ್ಟು ನೋಡುವುದೆಂದು ನಿರ್ಧರಿಸಿದೆ.

ಮೋಟಾರ್ ಸೈಕಲ್ಲಿನ ಮೇಲೆ ಎರಡೂ ಕೈ ಬಿಡುವುದನ್ನು ಜನ ಸರ್ಕಸ್ಸು ಎಂದುಕೊಳ್ಳುತ್ತಾರೆ. ನನಗೆ ಅದು ತಕ್ಕಡಿ. ಎರಡು ಚಕ್ರದ ಗಾಡಿ ನೆಟ್ಟಗೆ ಹೋಗುತ್ತದೆ ಅನ್ನುವುದು ಕಣ್ಣಿನ ಭ್ರಮೆ. ಅದು ಸದಾ ಎಡಕ್ಕೋ ಬಲಕ್ಕೋ ಬೀಳುತ್ತಲೇ ಇರುತ್ತದೆ. ಬೀಳುವ ಕಡೆಗೆ ಮುಂಚಕ್ರ ತಾನೇ ತಿರುಗುತ್ತದೆ, ಗಾಡಿ ಆ ಚಕ್ರದ ಮೇಲೆ ಎದ್ದು ನಿಲ್ಲುತ್ತದೆ, ಮತ್ತೆ ಇನ್ನೊಂದು ಕಡೆಗೆ ಬೀಳಲು ಹೊರಡುತ್ತದೆ. ವೇಗ ಇದ್ದಾಗ ಈ ಬೀಳುವಿಕೆ ಎಷ್ಟು ಸಣ್ಣದೆಂದರೆ ಸವಾರನಿಗೆ ತಿಳಿಯುವುದೇ ಇಲ್ಲ. ಕೈ ಹ್ಯಾಂಡಲಿನ ಮೇಲಿದ್ದರೆ ಗಾಡಿಯ ತಪ್ಪನ್ನು ಕೈ ತಿದ್ದಿಬಿಡುತ್ತದೆ, ಯಜಮಾನನಿಗೂ ಹೇಳದೆ. ಕೈ ತೆಗೆದರೆ ಗಾಡಿ ತನ್ನ ಗುಣವನ್ನು ತಾನೇ ಹೇಳಬೇಕು.

ಬಂಗಾರಪೇಟೆ ರಸ್ತೆಯಲ್ಲಿ ಒಂದು ಒಳ್ಳೆಯ ನೇರ ದಾರಿಯಿದೆ. ಪೆಟ್ಟಿಗೆಗೆ ಕಂಬಿಯ ತುಂಡು ತುಂಬಿ ಹೊರಟೆ. ಆ ಕಾಲದ ಗಾಡಿಗಳಲ್ಲಿ ಬಲಗೈ ಹಿಡಿಯ ಕೆಳಗೆ ಒಂದು ಸಣ್ಣ ತಿರುಪಿರುತ್ತಿತ್ತು; ಬಿಗಿ ಮಾಡಿದರೆ ಕೈ ತೆಗೆದರೂ ವೇಗ ಇಳಿಯುವುದಿಲ್ಲ. ಮೂವತ್ತಕ್ಕೆ ನಿಲ್ಲಿಸಿ, ತಿರುಪು ಬಿಗಿದು, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟೆ.

ಐದು ಎಣಿಸುವುದರೊಳಗೆ ಗಾಡಿ ಎಡಕ್ಕೆ ಹೊರಟಿತು. ನಿಧಾನವಾಗಿ, ಮಂಪರಿನಲ್ಲಿರುವವನ ಹಾಗೆ. ಹಿಡಿದು ತಿದ್ದಿದೆ, ಬಿಟ್ಟೆ, ಈಗ ಬಲಕ್ಕೆ. ನಲವತ್ತು ಸಲವಾದರೂ ಹೀಗೆ ಮಾಡಿರಬೇಕು. ಶಿಫ್ಟ್ ಮುಗಿಸಿ ಬರುತ್ತಿದ್ದ ಗಣಿಯವರು ಸೈಕಲ್ ನಿಲ್ಲಿಸಿ ಶಿಳ್ಳೆ ಹಾಕಿದರು. “ಅಣ್ಣೇ, ಅಪ್ಪಡಿಯೇ ಮೇಲೆ ನಿಂತ್ಕೊಂಡು ಡ್ಯಾನ್ಸ್ ಮಾಡು!” ಅಂದ ಒಬ್ಬ.

ಅಂಗಡಿಗೆ ಬಂದು ಮುಂಚಕ್ರವನ್ನು ಮತ್ತೆ ದಿಮ್ಮಿಯ ಮೇಲೆತ್ತಿದೆ. ಹ್ಯಾಂಡಲನ್ನು ನಡುವೆ ನಿಲ್ಲಿಸಿ ಒಂದು ಬೆರಳಲ್ಲಿ ತಟ್ಟಿದೆ. ಅದು ತನ್ನ ಭಾರಕ್ಕೆ ತಾನೇ ಪಕ್ಕಕ್ಕೆ ಬೀಳಬೇಕು, ಚಿಲಕ ಹಾಕದ ಬಾಗಿಲಿನಂತೆ. ಬೀಳಲಿಲ್ಲ. ತಟ್ಟಿದಷ್ಟೇ ಸರಿದು ನಿಂತುಬಿಟ್ಟಿತು.

ಅದನ್ನು ಹಾಗೆ ನಿಲ್ಲಿಸಿದ್ದು ನನ್ನ ಕಾಲು ಸುತ್ತು. ಗಣಿಯ ಯಂತ್ರಕ್ಕೆ ಸಾವಾದ ಆಟವೇ ಈ ಗಾಡಿಯ ಜೀವ. ಬೀಳುವ ಕಡೆಗೆ ತಿರುಗಲು ಚಕ್ರಕ್ಕೆ ನಾನು ಬಿಡುವೇ ಕೊಟ್ಟಿರಲಿಲ್ಲ. ಕೈಯಲ್ಲಿ ಹಿಡಿದು ಓಡಿಸಿದಾಗ ‘ಕಲ್ಲಿನಲ್ಲಿ ಕಡೆದಂತೆ’ ಅನಿಸಿದ್ದು ಅದೇ ಬಿಗಿ, ನಾನು ಮೆಚ್ಚಿಕೊಂಡ ಬಿಗಿ. ನಟ್ಟನ್ನು ಸಡಿಲಿಸಿ, ‘ಟಿಕ್’ ಶುರುವಾಗುವ ಅಂಚಿಗೆ ತಂದು, ಬೆರಳು ತಟ್ಟಿದರೆ ಹ್ಯಾಂಡಲ್ ಬೀಳುವಷ್ಟರಲ್ಲಿ ನಿಲ್ಲಿಸಿದೆ. ಕೈ ಆ ಕಾಲು ಸುತ್ತಿಗಾಗಿ ತುರಿಸುತ್ತಿತ್ತು. ಸ್ಪ್ಯಾನರನ್ನು ದೂರ ಇಟ್ಟೆ.

ಸಂಜೆ ಅದೇ ರಸ್ತೆಯಲ್ಲಿ ಕೈ ಬಿಟ್ಟೆ. ಗಾಡಿ ಒಂದು ಫರ್ಲಾಂಗು ಹೋಯಿತು, ಎರಡು, ಮೂರು. ಮೈಲಿಕಲ್ಲು ದಾಟಿತು. ಸೊಂಟವನ್ನು ಸ್ವಲ್ಪ ಒಲೆದರೆ ಆ ಕಡೆಗೆ ಬಾಗಿ, ಮತ್ತೆ ತಾನೇ ಎದ್ದು ನಿಂತಿತು. ಅಷ್ಟು ಸಂತೋಷ ನನಗೆ ಆ ವರ್ಷ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಅಂಗಡಿಯಲ್ಲಿ ಕಾಂಪೌಂಡರ್ ಕಾಯುತ್ತಿದ್ದ. ಡಾಕ್ಟರಿಗೆ ಹೊಸ ಕಾಗದ ಬರೆಯಲು ಪೆನ್ನಿಗೆ ಇಂಕು ತುಂಬಿಸುತ್ತಾ ವಿಷಯವನ್ನೆಲ್ಲ ಹೇಳಿದೆ. ತಪ್ಪು ನನ್ನದೇ ಎಂದೂ ಹೇಳಿದೆ. ಅವನು ಕೇಳಿಸಿಕೊಂಡು, ಪೆಟ್ಟಿಗೆಯ ಮುಚ್ಚಳ ಎತ್ತಿ ಒಳಗೆ ಇಣುಕಿದ.

“ಇದೇನ್ಲಾ ಇದು?”

“ರೈಲ್ ಕಂಬಿ. ಐಸಿನಷ್ಟೇ ತೂಕ ಅಣ್ಣಾ, ತೂಗ್ಸಿದೀನಿ.”

“ಕಬ್ಣಕ್ಕೆ ದೊಡ್ರೋಗ ಬತ್ತದಾ?”

“ಅಂದ್ರೆ?”

“ನೀನು ಕಂಬಿ ಇಟ್ಕೊಂಡು ಊರ ಮುಂದೆ ಸವಾರಿ ಮಾಡ್ತೀಯ. ನಾನು ಐಸಿಟ್ಕೊಂಡು ಬೇಸಿಗೇಲಿ ಮೂರು ಊರು ತಿರುಗ್ತೀನಿ. ಅದೂ ಅಲ್ದೆ, ಮೊದ್ಲ ಸಲ ಬಿದ್ದಾಗ ನೀನು ಇನ್ನೂ ಬಿಗಿದೇ ಇರ್ಲಿಲ್ವಲ್ಲಾ. ಅದಕ್ಕೇನ್ ಏಳ್ತೀಯ?”

ಆ ಪ್ರಶ್ನೆ ನನಗೆ ಹೊಳೆದಿರಲೇ ಇಲ್ಲ. ಒಂದು ಕಾರಣ ಸಿಕ್ಕ ಖುಷಿಯಲ್ಲಿ ಹುಡುಕುವುದನ್ನು ನಿಲ್ಲಿಸಿಬಿಟ್ಟಿದ್ದೆ. ಆ ಕಾಗದ ಬರೆದು ಕೊಟ್ಟಿದ್ದರೆ ಡಾಕ್ಟರು ಅದನ್ನು ಒಪ್ಪುತ್ತಿದ್ದರೋ ಏನೋ, ಕಾಂಪೌಂಡರಿಗೆ ಗಾಡಿ ವಾಪಸ್ಸು ಸಿಗುತ್ತಿತ್ತೋ ಏನೋ. ಸಿಕ್ಕಿದ್ದರೆ ಮೂರನೇ ಸಲ ಬೀಳುತ್ತಿದ್ದ. ಪೆನ್ನಿನ ಮುಚ್ಚಳ ಹಾಕಿದೆ.

“ನಾಳಿದ್ದು ಟೂರ್ ಯಾವ ಕಡೆಗೆ?”

“ದಾರೀಲಿ ಒಂದು ಊರು, ಆಮೇಲೆ ಕಾಮಸಮುದ್ರ. ನಾನು ಸೈಕಲ್ನಾಗೆ ಓಗ್ಬೇಕು. ಐಸು ಬಸ್ನಾಗೆ ಆಕ್ಕೊಂಡು ಓಗು ಅಂದವ್ರೆ ಡಾಕ್ಟ್ರು.”

“ಐಸು ನಾನು ತರ್ತೀನಿ, ಗಾಡೀಲಿ. ನೀನು ಎಲ್ಲೆಲ್ಲಿ ನಿಲ್ತೀಯೋ ಅಲ್ಲೆಲ್ಲಾ ನಿಲ್ತೀನಿ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಬಿದ್ರೆ ಸೀಸೆ ಒಡೀಬೇಡ. ನೀನು ಬೇಕಾದ್ರೆ ಒಡ್ಕೋ.”

ಟೂರಿನ ದಿನ ಬೆಳಿಗ್ಗೆ ಏಳಕ್ಕೆ ಬಂಗಾರಪೇಟೆ ಬಿಟ್ಟೆ. ಪೆಟ್ಟಿಗೆ ತುಂಬ ಐಸು, ನಡುವೆ ಡಬ್ಬಿಯಲ್ಲಿ ಲಸಿಕೆ. ಊರು ದಾಟಿದ ಮೇಲೆ ಕೈ ಬಿಟ್ಟೆ. ಗಾಡಿ ಹಳಿಯ ಮೇಲಿದ್ದಂತೆ ಹೋಯಿತು. ಮೊದಲ ಊರಿನಲ್ಲಿ ಹುಣಿಸೇಮರದ ಕೆಳಗೆ ದನಗಳನ್ನು ಸಾಲಾಗಿ ನಿಲ್ಲಿಸಿದ್ದರು. ಕಾಂಪೌಂಡರ್ ಆಗಲೇ ಬಂದು ಸೂಜಿ ಕುದಿಸಿಟ್ಟಿದ್ದ. ಅವನ ಕೆಲಸವನ್ನು ನಾನು ನೋಡಿದ್ದು ಅಂದೇ ಮೊದಲು. ಎಡಗೈಯಲ್ಲಿ ದನದ ಚರ್ಮ ಚಿವುಟಿ ಎತ್ತುವುದು, ಬಲಗೈ ಒಂದೇ ಸಲ ಹೋಗಿ ಬರುವುದು. ದನ ತಲೆಯೆತ್ತಿ ನೋಡುವಷ್ಟರಲ್ಲಿ ಅವನು ಮುಂದಿನದರ ಹತ್ತಿರ ಇರುತ್ತಿದ್ದ. ಆ ಕೈ ಗಾಡಿಯನ್ನು ಒರಟಾಗಿ ಹಿಡಿಯುವ ಕೈಯಲ್ಲವೆಂದು ಅಲ್ಲೇ ಗೊತ್ತಾಯಿತು.

ಎರಡು ಗಂಟೆ ಕಳೆಯಿತು. ಅವನು ಸೈಕಲ್ ಹತ್ತಿ ಮುಂದೆ ಹೋದ. ನಾನು ಊರವರು ಕೊಟ್ಟ ಮಜ್ಜಿಗೆ ಕುಡಿದು, ಹಿಂದಿನಿಂದ ಹೊರಟೆ. ಬಿಸಿಲು ಏರಿತ್ತು. ಕೆರೆ ಕಟ್ಟೆ ಬರುವುದಕ್ಕೆ ಮುಂಚೆ ಒಂದು ಸಣ್ಣ ಒಳದಾರಿಯಿಂದ ಅವನನ್ನು ದಾಟಿ ಮುಂದೆ ಬಂದಿದ್ದೆ ಎಂದು ನೆನಪು. ನೋಟ್‌ಬುಕ್ಕಿನ ಲೆಕ್ಕಕ್ಕೆ ಅದು ಕೂಡುವುದಿಲ್ಲ, ಕಾಮಸಮುದ್ರದಲ್ಲಿ ಅವನೇ ಮೊದಲಿದ್ದ; ಬಿಡೋಣ. ಕಟ್ಟೆ ದಾಟಿದ ಮೇಲೆ ಮೂವತ್ತಕ್ಕೆ ತಂದು, ತಿರುಪು ಬಿಗಿದು, ಕೈ ಬಿಟ್ಟೆ.

ಮೊದಲು ಸೀಟಿನ ಕೆಳಗೆ ಯಾರೋ ಮಗ್ಗುಲು ಬದಲಿಸಿದಂತಾಯಿತು. ಎಡಕ್ಕೆ. ಆಮೇಲೆ ಬಲಕ್ಕೆ, ಸ್ವಲ್ಪ ಹೆಚ್ಚು. ಗಾಡಿ ಎದ್ದು ನಿಲ್ಲಲು ಹೋದಾಗಲೆಲ್ಲ ಹಿಂದಿನಿಂದ ಏನೋ ತಡವಾಗಿ ಬಂದು ಅದನ್ನು ಇನ್ನೊಂದು ಕಡೆಗೆ ನೂಕುತ್ತಿತ್ತು. ಒಂದು ಸೆಕೆಂಡಿಗೆ ಒಂದು ಸಲ, ತೊಟ್ಟಿಲು ತೂಗಿದ ಹಾಗೆ. ಅಂಥ ಹೊತ್ತಿನಲ್ಲಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬಾರದು, ಹಗುರವಾಗಿ ಬೆರಳಿಟ್ಟು ವೇಗವನ್ನು ಮೆಲ್ಲಗೆ ಇಳಿಸಬೇಕು ಎಂದು ಊರಿಗೆಲ್ಲ ಹೇಳುತ್ತಿದ್ದವನು ನಾನು. ಎರಡೂ ಕೈಗಳಲ್ಲಿ ಬಲವಾಗಿ ಹಿಡಿದೆ. ನನ್ನ ತೋಳುಗಳ ನಡುಕವೂ ಅದಕ್ಕೆ ಸೇರಿಕೊಂಡಿತು. ಗಾಡಿ ರಸ್ತೆ ಬಿಟ್ಟು, ರಾಗಿ ಕೊಯ್ದ ಹೊಲಕ್ಕಿಳಿದು, ನನ್ನನ್ನು ಒಂದು ಕಡೆ ಮಲಗಿಸಿ ತಾನೊಂದು ಕಡೆ ಮಲಗಿತು.

ಮೊಣಕೈ ತರಚಿತ್ತು, ಅಷ್ಟೇ. ಗಾಡಿ ಎತ್ತಿ ನಿಲ್ಲಿಸಿ ಪೆಟ್ಟಿಗೆಯ ಮುಚ್ಚಳ ತೆಗೆದೆ. ಸೀಸೆಗಳು ನೆಟ್ಟಗಿದ್ದವು. ಉಳಿದಿದ್ದ ಐಸಿನ ಗಡ್ಡೆಗಳು ಅರ್ಧ ಪೆಟ್ಟಿಗೆ ನೀರಿನಲ್ಲಿ ತೇಲುತ್ತಾ ಒಂದಕ್ಕೊಂದು ಬಡಿಯುತ್ತಿದ್ದವು. ಪೆಟ್ಟಿಗೆಯನ್ನು ಕೈಯಲ್ಲಿ ಅಲುಗಿಸಿದೆ. ನೀರು ಆ ಗೋಡೆಗೆ ಹೋಗಿ ಹೊಡೆಯಿತು, ಈ ಗೋಡೆಗೆ ಬಂದು ಹೊಡೆಯಿತು. ಒಂದು ಸೆಕೆಂಡಿಗೆ ಒಂದು ಸಲ.

‘ಎಲ್ಲಿ ಬಿದ್ದೆ’ ಎಂದು ಅವನನ್ನು ಕೇಳಿದ್ದೆ. ‘ಎಷ್ಟು ಹೊತ್ತಿಗೆ ಬಿದ್ದೆ’ ಎಂದು ಕೇಳಿರಲಿಲ್ಲ.

ಆಗ ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತು ಒಬ್ಬ ಹೆಂಗಸು ಬದುವಿನ ಮೇಲೆ ಬಂದಳು. ಬಿಂದಿಗೆಯ ಬಾಯಲ್ಲಿ ಹೊಂಗೆ ಸೊಪ್ಪಿನ ಒಂದು ಟೊಂಗೆ ಇತ್ತು.

“ಬಿದ್ಯಾ ಸಾಮಿ? ನೀರು ಕುಡೀತೀಯಾ?”

ಕುಡಿದೆ. “ಸೊಪ್ಪು ಯಾಕಮ್ಮಾ ಇದ್ರಾಗೆ?”

“ಇಲ್ದಿದ್ರೆ ಎಜ್ಜೆ ಎಜ್ಜೆಗೂ ತುಳುಕ್ತದಲ್ಲಪ್ಪೋ. ನೀರು ಒಂದೇ ಕಡೀಕೆ ಓಡ್ದಂಗೆ ಸೊಪ್ಪು ತಡೀತದೆ. ಗಾಡಿ ಬಿಡೋನು ನೀನು, ಅಷ್ಟೂ ಗೊತ್ತಿಲ್ವಾ?”

ಇದು ನನಗೇ ಅತಿ ಅಚ್ಚುಕಟ್ಟೆನಿಸುತ್ತದೆ. ನೋಟ್‌ಬುಕ್ಕಿನಲ್ಲಿ ಹೆಂಗಸಿನ ಮಾತಿಲ್ಲ. ‘ಒಳಗೆ ತಡೆ ತಗಡು’ ಎಂದು ಎರಡು ದಿನ ಬಿಟ್ಟು ಬರೆದದ್ದಿದೆ. ಆಕೆ ಇನ್ಯಾವುದೋ ದಿನ ಇನ್ಯಾವುದೋ ಬದುವಿನ ಮೇಲೆ ಬಂದವಳಿರಬಹುದು. ಆದರೆ ನಮ್ಮ ಕಡೆ ನೀರು ಹೊರುವವರೆಲ್ಲ ಬಿಂದಿಗೆಗೆ ಸೊಪ್ಪು ಹಾಕುತ್ತಿದ್ದದ್ದು ನಿಜ, ನಾನು ಅದನ್ನು ನೋಡಿಯೇ ಬೆಳೆದದ್ದೂ ನಿಜ.

ಹತ್ತು ಮೈಲಿ ವೇಗದಲ್ಲಿ ಕಾಮಸಮುದ್ರ ಸೇರಿದಾಗ ಕಾಂಪೌಂಡರ್ ದನಗಳ ಮುಂದೆ ಗಡಿಯಾರ ನೋಡುತ್ತಾ ನಿಂತಿದ್ದ. ನನ್ನ ಅಂಗಿಗೆ ಅಂಟಿದ್ದ ಮಣ್ಣು ನೋಡಿದ. ಮುಖ ಅರಳಿತು.

“ಬಿದ್ಯಾ?”

“ಬಿದ್ದೆ.”

“ಎಷ್ಟು ಕುಡ್ದಿದ್ದೆ?”

“ಒಂದು ಚೆಂಬು ಮಜ್ಜಿಗೆ.”

ಅವನು ನಕ್ಕದ್ದಕ್ಕೆ ಹತ್ತಿರದ ಹೋರಿ ಹಗ್ಗ ಜಗ್ಗಿತು. ನಾನು ಪೆಟ್ಟಿಗೆಯ ತಳದಲ್ಲಿದ್ದ ತೂತನ್ನು ತೋರಿಸಿದೆ. ಕರಗಿದ ನೀರು ಹೋಗಲೆಂದು ಮಾಡಿದ್ದ ತೂತಿಗೆ ಮೇಣ ಮೆತ್ತಿತ್ತು.

“ಇದ್ನ ಮುಚ್ಚಿದ್ದು ಯಾರಣ್ಣಾ?”

“ನಾನೇ. ಐಸು ಕರಗಿದ ನೀರೂ ತಣ್ಣಗೇ ಇರ್ತದಲ್ಲಪ್ಪಾ. ಚೆಲ್ಬಿಟ್ರೆ ಸಾಯಂಕಾಲದ ದನಗಳಿಗೆ ಏನ್ ಸೂಜಿ ಆಕ್ಲಿ? ಮೊದ್ಲು ಅದು ಸೋರಿ ಹಿಂದ್ಗಡೆ ಟೈರ್ ಮೇಲೆ ಬೇರೆ ಬೀಳ್ತಿತ್ತು.”

“ನನಗೆ ಹೇಳ್ಲಿಲ್ವಲ್ಲಾ.”

“ನೀನು ಕೇಳ್ಲಿಲ್ವಲ್ಲಾ.”

ಸರಿಯೇ. ತೂತು ಬಿಡಿಸಿದರೆ ಗಾಡಿ ಉಳಿಯುತ್ತಿತ್ತು, ಲಸಿಕೆ ಕೆಡುತ್ತಿತ್ತು. ನೀರೂ ಇರಬೇಕು, ಅದು ಓಡಲೂಬಾರದು.

ಉಳಿದಿದ್ದು ಎಂಟು ದಿನ. ಮೊದಲಿನ ಪೆಟ್ಟಿಗೆ ಎರಡು ದೋಷಗಳನ್ನು ಒಟ್ಟಿಗೆ ಹೊತ್ತಿತ್ತು. ಅದು ಅಗಲವಾಗಿತ್ತು, ನೀರಿಗೆ ಓಡಲು ಅಂಗಳ ಸಿಗುತ್ತಿತ್ತು. ಜೊತೆಗೆ ಅದು ಎತ್ತರದಲ್ಲಿ, ಹಿಂದಿನ ಚಕ್ರದ ಅಚ್ಚಿಗಿಂತಲೂ ಹಿಂದಕ್ಕೆ ಚಾಚಿಕೊಂಡು ಕೂತಿತ್ತು. ಅಲ್ಲಿ ಹೊಡೆದ ಏಟು ಗಾಡಿಯ ಕತ್ತಿನವರೆಗೂ ಹೋಗುತ್ತಿತ್ತು. ಹಾಲಿನವರು ಸೈಕಲ್ಲಿನ ಎರಡು ಬದಿಗೆ ಕ್ಯಾನು ನೇತುಹಾಕುವಂತೆ, ಎರಡು ಕಿರಿದಾದ ಪೆಟ್ಟಿಗೆಗಳನ್ನು ಹಿಂದಿನ ಚಕ್ರದ ಅಕ್ಕಪಕ್ಕಕ್ಕೆ, ಅಚ್ಚಿಗೆ ಸಾಧ್ಯವಾದಷ್ಟು ಹತ್ತಿರ ಇಳಿಸಿದೆ. ಹೊರಗೆ ಮರ, ನಡುವೆ ಹೊಟ್ಟು, ಒಳಗೆ ತಗಡು. ಪ್ರತಿಯೊಂದರೊಳಗೂ ಮೂರು ಅಡ್ಡ ತಗಡುಗಳು, ಅವುಗಳಲ್ಲಿ ಬೆರಳು ತೂರುವಷ್ಟು ತೂತುಗಳು. ನೀರು ಒಂದು ಕೋಣೆಯಿಂದ ಇನ್ನೊಂದಕ್ಕೆ ಸೋಸಿಕೊಂಡು ಹೋಗಬಹುದು, ಓಡುವಂತಿಲ್ಲ. ಮೊದಲನೆಯ ಜೋಡಿಯ ಬೆಸುಗೆ ಬಿಟ್ಟುಕೊಂಡಿತು. ಎರಡನೆಯದರಲ್ಲಿ ಎಡದ ಪೆಟ್ಟಿಗೆ ಸೈಲೆನ್ಸರಿಗೆ ಹತ್ತಿರವಾಗಿ ಐಸು ಬೇಗ ಕರಗಿತು. ಅದನ್ನು ಮೂರು ಅಂಗುಲ ಮೇಲೆತ್ತಿ, ನಡುವೆ ಒಂದು ತಗಡಿನ ಮರೆ ಕೊಟ್ಟೆ. ತೂಕ ಸಮ ಮಾಡಲು ಬಲದ್ದನ್ನೂ ಎತ್ತಬೇಕಾಯಿತು. ಸಹಿಸಿಕೊಂಡೆ.

ಪರೀಕ್ಷೆಗೆ ಈ ಸಲ ಕಬ್ಬಿಣ ಇಡಲಿಲ್ಲ, ಐಸನ್ನೂ ಇಡಲಿಲ್ಲ. ಎರಡೂ ಪೆಟ್ಟಿಗೆಗಳನ್ನು ಅರ್ಧ ನೀರಿನಿಂದ ತುಂಬಿದೆ. ಅದಕ್ಕಿಂತ ಕೆಟ್ಟ ಭಾರ ಆ ಗಾಡಿಗೆ ಎಂದೂ ಬರುವಂತಿರಲಿಲ್ಲ. ಕೈ ಬಿಟ್ಟು ಎರಡು ಮೈಲಿ ಹೋದೆ. ಬೇಕೆಂದೇ ಹ್ಯಾಂಡಲಿಗೆ ಅಂಗೈಯಿಂದ ಗುದ್ದಿದೆ. ಗಾಡಿ ಒಮ್ಮೆ ತಲೆ ಕೊಡವಿತು, ಎರಡನೇ ಸಲ ಅರ್ಧ, ಆಮೇಲೆ ಸುಮ್ಮನಾಯಿತು. ಇಪ್ಪತ್ತೈದರಲ್ಲಿ, ಮೂವತ್ತರಲ್ಲಿ, ನಲವತ್ತರಲ್ಲಿ ಗುದ್ದಿದೆ. ವೇಗ ಇಳಿಸುವಾಗಲೂ ಗುದ್ದಿದೆ, ಯಾಕೆಂದರೆ ಗಾಡಿಗಳು ಹೆಚ್ಚಾಗಿ ತಲೆ ಅಲ್ಲಾಡಿಸುವುದು ಆಗಲೇ. ಎಲ್ಲವನ್ನೂ ಬರೆದುಕೊಂಡೆ.

ತಿಂಗಳು ಮುಗಿಯಲು ಎರಡು ದಿನವಿದ್ದಾಗ ಡಾಕ್ಟರ ಮುಂದೆ ಹೊಸ ಕಾಗದ ಇಟ್ಟೆ: ಓಡುವ ನೀರು, ನಾನು ಬಿಗಿದ ಕಾಲು ಸುತ್ತು, ಎರಡೂ ಅದರಲ್ಲಿದ್ದವು. ಕಾಂಪೌಂಡರ್ ಬಾಗಿಲ ಹೊರಗೆ ನಿಂತಿದ್ದ. ಡಾಕ್ಟರು ಒಳ್ಳೆಯವರೇ, ನಿಧಾನವಾಗಿ ಎರಡು ಸಲ ಓದಿದರು. ಅಂಗಳಕ್ಕೆ ಬಂದು ಪೆಟ್ಟಿಗೆಗಳ ಒಳಗೆ ಕೈ ಹಾಕಿ ನೋಡಿದರು. ಮತ್ತೆ ಕುರ್ಚಿಯಲ್ಲಿ ಕೂತು ಹೇಳಿದರು: “ಸರಿ, ಒಪ್ಪಿದೆ. ಅವನ ತಪ್ಪಿಲ್ಲ. ಒಂದು ಕೆಲಸ ಮಾಡಪ್ಪಾ. ಇದಕ್ಕೆ ಹಳೇ ತಾರೀಖೇ ಹಾಕಿ ಇನ್ನೊಂದು ಬರೆದುಕೊಡು. ಮೊದಲಿನದನ್ನು ಕಿತ್ತು ಹಾಕೋಣ. ಫೈಲು ಚೊಕ್ಕಟವಾಗಿರುತ್ತೆ, ನಿನಗೂ ಅವಮಾನ ಇಲ್ಲ.”

ಆಸೆಯಾಯಿತು. ಇಲ್ಲವೆಂದು ಹೇಳುವುದಿಲ್ಲ. ಮೊಹರು ಜೇಬಿನಲ್ಲೇ ಇತ್ತು.

“ಬೇಡ ಸಾರ್. ಮೊದಲಿನದೂ ಇರಲಿ.”

“ಯಾಕೆ?”

“ಅದನ್ನು ತೆಗೆದು ಹಳೇ ತಾರೀಖು ಹಾಕಿದರೆ, ಗಾಡಿ ಆಗಲೇ ಸರಿಯಾಗಿತ್ತು ಅಂತಾಗುತ್ತೆ; ಅವರು ಎರಡನೇ ಸಲ ಬಿದ್ದದ್ದು ಯಾಕೆ ಅಂತ ಫೈಲಿನಲ್ಲಿ ಎಲ್ಲೂ ಇರಲ್ಲ. ಮುಂದೆ ಯಾರಾದರೂ ಓದಿದರೆ ಕುಡಿದಿದ್ದರು ಅಂತಲೇ ಓದಿಕೊಳ್ತಾರೆ. ಬಿಗಿದವನು ನಾನು ಅಂತ ಇರಲಿ.”

ಡಾಕ್ಟರು ಮತ್ತೆ ಫೈಲು ಬಿಚ್ಚಿದರು. ಎರಡನೇ ಕಾಗದವನ್ನು ಮೊದಲನೆಯದರ ಮೇಲಿಟ್ಟು, ಒಂದೇ ದಾರದಲ್ಲಿ ಪೋಣಿಸಿ, ಹೊರಗೆ ಕೂಗಿದರು: “ಬೆಳಗಾಗೆದ್ದು ಟೂರ್ ಹೋಗಯ್ಯಾ.”

ಬೆಳಿಗ್ಗೆ ನಾನೂ ಹೊರಟೆ. ಪೆಟ್ಟಿಗೆ ಬದಿಗೆ ಇಳಿದದ್ದರಿಂದ ಹಿಂದೆ ಮತ್ತೆ ಸೀಟು ಬಂದಿತ್ತು. ಮೊದಲ ಊರು ಮುಗಿಯಿತು, ಬಿಸಿಲೇರಿತು, ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ನೀರಾಗಿರಬೇಕು. ಕೆರೆ ಕಟ್ಟೆ ಹತ್ತಿರ ಬರುತ್ತಿದ್ದಂತೆ ಕಾಂಪೌಂಡರಿನ ಭುಜ ಗಟ್ಟಿಯಾದದ್ದು ಹಿಂದೆ ಕೂತ ನನಗೆ ತಿಳಿಯಿತು. ಹಿಡಿ ಸಡಿಲ ಬಿಡು ಅಂದೆ. “ನೀನ್ ಸುಮ್ಕಿರ್ಲಾ,” ಅಂದ. ಕಟ್ಟೆ ದಾಟಿತು. ನಾನು ಬಿದ್ದ ಹೊಲ ದಾಟಿತು. ಅವನು ದನಗಳ ವಿಷಯ ಮಾತಾಡಲು ಶುರು ಮಾಡಿದ. ಗಡಿಯಾಚೆ ಎರಡು ಊರುಗಳಲ್ಲಿ ರೋಗ ಕಾಣಿಸಿದೆಯೆಂದು, ಇವತ್ತು ಇನ್ನೂರಾದರೂ ಮುಗಿಸಬೇಕೆಂದು.

ಮಾತಿನ ನಡುವೆ ಅವನ ತಲೆಗೆ ಸುತ್ತಿದ್ದ ಟವೆಲ್ಲು ಗಾಳಿಗೆ ಬಿಚ್ಚಿಕೊಂಡು ನನ್ನ ಮುಖಕ್ಕೆ ಬಡಿಯಿತು. ಅವನು ಅದರ ತುದಿಯನ್ನು ಹಿಂದಕ್ಕೆ ಕೈ ಚಾಚಿ ಹಿಡಿದುಕೊಂಡ. ಆಮೇಲೆ ಇನ್ನೊಂದು ಕೈಯೂ ಮೇಲೆ ಬಂತು. ಎರಡೂ ಕೈಗಳಲ್ಲಿ ಟವೆಲ್ಲನ್ನು ಬಿಗಿಯಾಗಿ ಸುತ್ತುತ್ತಾ, ತುದಿಯನ್ನು ಸಿಕ್ಕಿಸುತ್ತಾ, ಯಾವ ಊರಿನಲ್ಲಿ ಯಾರ ಎತ್ತು ಒದೆಯುತ್ತದೆ ಎಂದು ಹೇಳುತ್ತಲೇ ಇದ್ದ. ಅವನ ಭುಜದ ಮೇಲಿಂದ ನೋಡಿದೆ. ಯಾರೂ ಹಿಡಿಯದ ಹ್ಯಾಂಡಲ್ ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ತಿದ್ದಿಕೊಳ್ಳುತ್ತಾ ರಸ್ತೆಯ ನಡುವೆ ಹೋಗುತ್ತಿತ್ತು.

ಹೇಳಿದರೆ ಹಿಡಿದುಬಿಡುತ್ತಾನೆ. ಬಾಯಿ ಮುಚ್ಚಿಕೊಂಡು ಕೂತೆ.